ಫಿಟ್ಸ್ ನಿಂತಿತು, ಪದಗಳು ಕೈಕೊಟ್ಟವು: ಒಬ್ಬ ಗಣಿತ ಮೇಷ್ಟ್ರ ಪ್ರಕರಣ

ಮೊದಲೇ ಒಂದು ಮಾತು. ಇದು ಯಾರೋ ಒಬ್ಬರ ಫೈಲ್‌ನಿಂದ ಎತ್ತಿದ ಕಥೆಯಲ್ಲ. ಒಂದೇ ಬಗೆಯ ತೊಂದರೆ ಇರುವ ಹಲವರಲ್ಲಿ ಕಾಣುವುದನ್ನು ಒಬ್ಬ ಮೇಷ್ಟ್ರ ಕಥೆಯಾಗಿ ಜೋಡಿಸಿದ್ದೇನೆ. ಮನುಷ್ಯ ಕಲ್ಪನೆ, ಔಷಧಿ, ಡೋಸ್, ಅದು ಮಿದುಳಿಗೆ ಮಾಡುವ ಕೆಲಸ ಕಲ್ಪನೆಯಲ್ಲ.

ವಯಸ್ಸು 38. ಹೈಸ್ಕೂಲಿನಲ್ಲಿ ಗಣಿತ ಪಾಠ. ಬಲಗೈಯವರು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಒಮ್ಮೆ ತುಂಬ ಹೊತ್ತು ಫಿಟ್ಸ್ ಬಂದಿತ್ತಂತೆ. ಆಮೇಲೆ ಮೂವತ್ತು ವರ್ಷ ಏನೂ ಇಲ್ಲ. 35ನೇ ವಯಸ್ಸಿನಲ್ಲಿ ಶುರುವಾಯಿತು. ಹೊಟ್ಟೆಯೊಳಗಿಂದ ಏನೋ ಎದ್ದು ಗಂಟಲಿಗೆ ಬಂದ ಹಾಗೆ ಅನಿಸುತ್ತದೆ. ಆಮೇಲೆ ಒಂದೆರಡು ನಿಮಿಷ ನೆಟ್ಟ ನೋಟ, ತುಟಿ ಚಪ್ಪರಿಸುವುದು, ಕೈ ಸುಮ್ನೆ ಅಂಗಿಯ ಗುಂಡಿ ತಡಕುವುದು. ಎಚ್ಚರ ಬಂದ ಮೇಲೂ ಕೆಲವು ನಿಮಿಷ ಮಾತು ಬರುವುದಿಲ್ಲ. ಎದುರಿಗಿರುವವರು ಯಾರು ಅಂತ ಗೊತ್ತು, ಹೆಸರು ಬಾಯಿಗೆ ಬಾರದು. ಎರಡು ಸಲ ಮಾತ್ರ ಅದು ಮೈಯೆಲ್ಲ ಸೆಟೆದು ನಡುಗುವ ದೊಡ್ಡ ಫಿಟ್ಸ್ ಆಗಿತ್ತು.

ಫಿಟ್ಸ್ ಆದ ಮೇಲೆ ಮಾತು ಹೋಗುವುದು ಒಳ್ಳೆಯ ಸುಳಿವು. ಮಾತಿನ ಕಡೆಯ ಮಿದುಳಿನಿಂದ, ಅಂದರೆ ಹೆಚ್ಚಿನವರಲ್ಲಿ ಎಡಗಡೆಯಿಂದ, ಫಿಟ್ಸ್ ಹೊರಟಿದೆ ಅಂತ ಅದು ಹೇಳುತ್ತದೆ. ಎಂಆರ್‌ಐ ಕೂಡ ಅದನ್ನೇ ತೋರಿಸಿತು. ಎಡಗಡೆಯ ಹಿಪೊಕ್ಯಾಂಪಸ್, ಅಂದರೆ ನೆನಪು ಕೂಡಿಡುವ ಮಿದುಳಿನ ಭಾಗ, ಕುಗ್ಗಿ ಗಾಯದ ಗುರುತಿನಂತಾಗಿತ್ತು. ಇಇಜಿಯಲ್ಲಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಬರೆಯುವ ಪರೀಕ್ಷೆಯಲ್ಲಿ, ಎಡ ಕಣತಲೆಯ ಹತ್ತಿರ ಆಗಾಗ ಚೂಪು ಅಲೆಗಳು, ಫಿಟ್ಸ್ ಒಲವಿನ ಗುರುತು. ಉಳಿದ ಹಿನ್ನೆಲೆ ಅಲೆ ಚೆನ್ನಾಗಿತ್ತು, ಸೆಕೆಂಡಿಗೆ 10. ಈ 10 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಕೊಟ್ಟಿದ್ದು ಲೆವೆಟಿರಸಿಟಾಮ್. ನರಕೋಶಗಳ ತುದಿಯಲ್ಲಿ ಎಸ್‌ವಿ2ಎ ಅನ್ನುವ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುವ ಔಷಧಿ. ಫಿಟ್ಸ್ ಕಡಿಮೆಯಾಯಿತು. ಆದರೆ ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕು, ಕೂಗಾಟ. ಈ ಔಷಧಿಯಲ್ಲಿ ಕೆಲವರಿಗೆ ಹೀಗಾಗುವುದು ಹೊಸ ವಿಷಯವಲ್ಲ. ಹಾಗಾಗಿ ಬದಲಾಯಿಸಿ ಟೋಪಿರಾಮೇಟ್ ಕೊಟ್ಟರು. ಆಯ್ಕೆಗೆ ಕಾರಣವೂ ಇತ್ತು. ಮೇಷ್ಟ್ರಿಗೆ ತಿಂಗಳಿಗೆ ನಾಲ್ಕೈದು ಸಲ ಮೈಗ್ರೇನ್. ತೂಕವೂ ಸ್ವಲ್ಪ ಜಾಸ್ತಿ. ಟೋಪಿರಾಮೇಟ್ ಫಿಟ್ಸ್ ತಡೆಯುತ್ತದೆ, ಮೈಗ್ರೇನ್ ಕೂಡ ತಡೆಯುತ್ತದೆ, ತೂಕ ಇಳಿಸುತ್ತದೆ. ಕಾಗದದ ಮೇಲೆ ನೋಡಿದರೆ ಇವರಿಗೆಂದೇ ಮಾಡಿದ ಮಾತ್ರೆ ಅಲ್ವಾ?

ರಾತ್ರಿ 25 ಮಿಲಿಗ್ರಾಂನಿಂದ ಶುರು. ವಾರಕ್ಕೆ 25ರಂತೆ ಏರಿಸಿ ದಿನಕ್ಕೆ 200 ಮುಟ್ಟಿಸಿದರು. ಅಷ್ಟರಲ್ಲಿ ಒಂದು ಫಿಟ್ಸ್ ಬಂತು. 300ಕ್ಕೆ ಏರಿಸಿದರು. ಅಲ್ಲಿಂದ ಎಂಟು ತಿಂಗಳು ಒಂದೂ ಇಲ್ಲ. ಮೈಗ್ರೇನ್ ಹೆಚ್ಚುಕಡಿಮೆ ನಿಂತೇ ಹೋಯಿತು. ತೂಕ ಆರು ಕಿಲೋ ಇಳಿಯಿತು. ಬೆರಳ ತುದಿ ಜುಮ್ಮೆನ್ನುತ್ತಿತ್ತು, ಸೋಡಾ ಕುಡಿದರೆ ಗ್ಯಾಸ್ ಹೋದ ಹಾಗೆ ಸಪ್ಪೆ. ಇವೆರಡೂ ಈ ಔಷಧಿಯ ಗುರುತು. ಕಾರ್ಬಾನಿಕ್ ಅನ್‌ಹೈಡ್ರೇಸ್ ಅನ್ನುವ ಕಿಣ್ವವನ್ನು ಅದು ತಡೆಯುತ್ತದೆ. ಕೆಲವರಲ್ಲಿ ಮೂತ್ರಪಿಂಡದ ಕಲ್ಲಿಗೂ ಅದೇ ಕಾರಣ. ರಕ್ತದ ಬೈಕಾರ್ಬೊನೇಟ್ ಆಗಾಗ ನೋಡಬೇಕಾದ್ದೂ ಅದಕ್ಕೇ.

ಪ್ರತಿ ಭೇಟಿಯಲ್ಲಿ ಫೈಲ್‌ನಲ್ಲಿ ಬರೆದಿದ್ದು ಒಂದೇ ಸಾಲು: ಫಿಟ್ಸ್ ಇಲ್ಲ, ಅದೇ ಮಾತ್ರೆ ಮುಂದುವರಿಸಿ.

ತರಗತಿಯಲ್ಲಿ ಬೇರೆಯೇ ನಡೆಯುತ್ತಿತ್ತು. ಬೋರ್ಡಿನ ಮೇಲೆ ತ್ರಿಕೋನ ಬರೆದು ತಿರುಗಿ ನಿಂತರೆ 'ಲಂಬಕೋನ' ಅನ್ನುವ ಪದ ಇಲ್ಲ. ಅದೇನು ಅಂತ ಗೊತ್ತು, ಬರೆಯಬಲ್ಲರು, ಅಳೆಯಬಲ್ಲರು. ಹೆಸರು ಮಾತ್ರ ಬಾರದು. ಬೆರಳಿಂದ ತೋರಿಸಿ 'ಇದು, ಈ ಕೋನ' ಅನ್ನುತ್ತಿದ್ದರು. ಮೇಷ್ಟ್ರು ಬೇಕಂತಲೇ ನಿಲ್ಲಿಸಿ ತಮ್ಮ ಬಾಯಿಂದ ಹೇಳಿಸುತ್ತಿದ್ದಾರೆ ಅಂತ ಮಕ್ಕಳು ಅಂದುಕೊಂಡರು. ಕೆಲವು ವಾರ ಅದೇ ಕಾಪಾಡಿತು. ಆಮೇಲೆ ಮಕ್ಕಳ ಹೆಸರೂ ತಪ್ಪತೊಡಗಿತು. ಬಾಯಿಲೆಕ್ಕ ಕೈಕೊಟ್ಟಿತು. 47ಕ್ಕೆ 38 ಕೂಡಿಸುವಾಗ ದಶಕ ಎಷ್ಟಿತ್ತು ಅನ್ನುವುದು ನಡುವೆಯೇ ಜಾರಿಹೋಗುತ್ತಿತ್ತು. ಅದೇ ಕಾಗದದ ಮೇಲೆ ಪ್ರಮೇಯದ ಸಾಧನೆ ಕೇಳಿದರೆ ಒಂದು ಹೆಜ್ಜೆಯೂ ತಪ್ಪದೆ ಬರೆಯುತ್ತಿದ್ದರು.

ಹೆಂಡತಿ ಗಮನಿಸಿದ್ದು ಇನ್ನೊಂದು. ವಾಕ್ಯದ ನಡುವೆ ನಿಂತುಬಿಡುತ್ತಾರೆ, 'ಬಿಡು, ಏನಿಲ್ಲ' ಅನ್ನುತ್ತಾರೆ. ಜಗಳವನ್ನೂ ಪೂರ್ತಿ ಆಡುವುದಿಲ್ಲ. ಸಿಡುಕು ಹೋಗಿ ಶಾಂತವಾಗಿದ್ದಾರೆ ಅಂತ ಮೊದಮೊದಲು ಖುಷಿಯಾಗಿತ್ತಂತೆ. ಸಹೋದ್ಯೋಗಿಗಳು ಖಿನ್ನತೆ ಅಂದರು. ಒಂದು ಕಡೆ ವೈದ್ಯರು ಕೆಲಸದ ಒತ್ತಡ ಅಂದರು. ಮೇಷ್ಟ್ರಿಗೆ ಒಳಗೊಳಗೇ ಇದ್ದ ಭಯ ಬೇರೆ. ಇಷ್ಟು ಬೇಗ ಮರೆವಿನ ಕಾಯಿಲೆ ಶುರುವಾಯಿತೇ ಅಂತ.

ಯಾರ ಮೇಲೆ ಅನುಮಾನ?

ಔಷಧಿಯೇ ಕಾರಣ ಅಂತ ಹೇಳಿಬಿಡುವುದು ಸುಲಭ. ಆದರೆ ಈ ಮೇಷ್ಟ್ರ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ, ಪ್ರಕರಣದ ಗಂಟು ಇರುವುದೂ ಇಲ್ಲೇ. ಎಡ ಹಿಪೊಕ್ಯಾಂಪಸ್ ಕುಗ್ಗಿದವರಿಗೆ ಮಾತ್ರೆಯೇ ಇಲ್ಲದಿದ್ದರೂ ಕೇಳಿದ ಮಾತು ನೆನಪಿಡುವುದು ಕಷ್ಟ. ವಸ್ತುವಿನ ಹೆಸರು ಹೇಳುವುದೂ ತಡವಾಗಬಹುದು. ಅಂದರೆ ರೋಗಕ್ಕೂ ಪದ ಕದಿಯುವ ಅಭ್ಯಾಸವಿದೆ.

ಇನ್ನೊಂದು ಅನುಮಾನ, ಕಣ್ಣಿಗೆ ಕಾಣದ ಅಲೆಗಳು. ಹೊರಗೆ ಫಿಟ್ಸ್ ಇಲ್ಲದಿದ್ದರೂ ಇಇಜಿಯಲ್ಲಿ ಚೂಪು ಅಲೆಗಳು ಬರುತ್ತಲೇ ಇರಬಹುದು. ಅಂಥ ಅಲೆ ಬಂದ ಕ್ಷಣದಲ್ಲೇ ಕೆಲವರ ಗಮನ ತಪ್ಪುವುದನ್ನು 1980ರ ದಶಕದಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಹಾಗಿದ್ದರೆ ಔಷಧಿ ಇಳಿಸುವುದಲ್ಲ, ಏರಿಸಬೇಕಾಗುತ್ತದೆ. ಪೂರ್ತಿ ಉಲ್ಟಾ ತೀರ್ಮಾನ.

ಖಿನ್ನತೆ, ನಿದ್ದೆ ಕೂಡ ಲೆಕ್ಕಕ್ಕೆ ಬರುತ್ತವೆ. ಮೂರ್ಛೆರೋಗ ಇರುವವರು ತಮ್ಮ ಮರೆವಿನ ಬಗ್ಗೆ ಹೇಳುವ ದೂರು ಎಷ್ಟೋ ಸಲ ಪರೀಕ್ಷೆಯ ಅಂಕಕ್ಕಿಂತ ಅವರ ಮನಸ್ಸಿನ ಸ್ಥಿತಿಗೇ ಜಾಸ್ತಿ ಹೊಂದುತ್ತದೆ. ದೂರನ್ನು ನಂಬಬಾರದು ಅಂತಲ್ಲ. ದೂರು ಬಂದಾಗ ಅಳೆಯಬೇಕು ಅಂತ.

ಅಳೆದಾಗ ಕಂಡದ್ದು ಹೀಗೆ. 'ಪ' ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಎಷ್ಟು ಬೇಕಾದರೂ ಹೇಳಿ ಅಂದರೆ ಬಂದಿದ್ದು ನಾಲ್ಕು. ಅದರಲ್ಲೂ ಕೊನೆಯ ಅರ್ಧ ನಿಮಿಷ ಬರೀ ಮೌನ. ಅವರ ಓದಿಗೆ ಹತ್ತಾದರೂ ಬರಬೇಕು. ಅಂಕಿಗಳನ್ನು ಕೇಳಿ ಹಾಗೇ ಹೇಳುವುದರಲ್ಲಿ ನಾಲ್ಕು ಅಂಕಿಗೆ ನಿಂತರು. ಸಾಮಾನ್ಯವಾಗಿ ಐದರಿಂದ ಒಂಬತ್ತು ಬರುತ್ತದೆ. ಹಿಂದುಮುಂದಾಗಿ ಹೇಳಿ ಅಂದರೆ ಎರಡೇ. ಗಣಿತ ಮೇಷ್ಟ್ರಿಗೆ ಎರಡು! ಅವರ ಮುಖ ಕೆಂಪಾಗಿದ್ದು ಇಲ್ಲೇ. ಚಿತ್ರ ತೋರಿಸಿ ಹೆಸರು ಕೇಳಿದಾಗ ಮಾತ್ರ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಸ್ವಲ್ಪ ತಡ, ಆದರೂ ಹೆಚ್ಚಿನವು ಸರಿ. ಹದಿನೈದು ಪದಗಳ ಪಟ್ಟಿ ಓದಿಸಿ ಅರ್ಧ ಗಂಟೆ ಬಿಟ್ಟು ಕೇಳಿದರೆ ಐದು ನೆನಪಿತ್ತು.

ಖಿನ್ನತೆಯ ಪ್ರಶ್ನೆಗಳಲ್ಲಿ ಅಂಕ ಕಡಿಮೆ. ನಿದ್ದೆ ಚೆನ್ನಾಗಿದೆ. ಪಾಠ ಮಾಡುವ ಆಸೆ ಇದೆ, ಅದು ಆಗದಿರುವುದಕ್ಕೆ ಬೇಜಾರು. ಅದನ್ನು ಖಿನ್ನತೆ ಅನ್ನಲಾಗದು.

ಈ ಅಂಕಗಳು ಎರಡು ಬೇರೆ ಗುಂಪಿಗೆ ಸೇರುತ್ತವೆ. ಅರ್ಧ ಗಂಟೆಯ ನಂತರದ ನೆನಪು ಕಡಿಮೆ ಇರುವುದು ಎಡ ಹಿಪೊಕ್ಯಾಂಪಸ್‌ನ ಸಹಿ. ಆದರೆ ಅಕ್ಷರ ಹಿಡಿದು ಪದ ಹುಡುಕುವುದು, ಅಂಕಿಗಳನ್ನು ತಲೆಯಲ್ಲಿ ಹಿಡಿದುಕೊಂಡು ತಿರುಗಿಸುವುದು ಮುಖ್ಯವಾಗಿ ಮುಂಭಾಗದ ಮಿದುಳಿನ ಕೆಲಸ. ಹಿಪೊಕ್ಯಾಂಪಸ್ ಕುಗ್ಗಿದ ಮಾತ್ರಕ್ಕೆ ಅದು ಇಷ್ಟು ಕುಸಿಯುವುದಿಲ್ಲ. ಟೋಪಿರಾಮೇಟ್ ಹೊಡೆಯುವುದು ಸರಿಯಾಗಿ ಅಲ್ಲಿಗೇ.

ಇಇಜಿ ಮತ್ತೆ ಮಾಡಿಸಿದರು. ಚೂಪು ಅಲೆಗಳು ಮೊದಲಿಗಿಂತ ಕಡಿಮೆ. ಹಾಗಾಗಿ ಕಾಣದ ಅಲೆಗಳ ಅನುಮಾನಕ್ಕೆ ಹೆಚ್ಚು ಆಧಾರ ಉಳಿಯಲಿಲ್ಲ. ಹಿನ್ನೆಲೆ ಅಲೆ ಸೆಕೆಂಡಿಗೆ 8.5. ವರದಿಯಲ್ಲಿ 'ಸಾಮಾನ್ಯ' ಅಂತ ಬರೆದಿತ್ತು, ಅದು ತಪ್ಪಲ್ಲ. ಕಣ್ಣು ಮುಚ್ಚಿ ಎಚ್ಚರದಲ್ಲಿರುವ ವಯಸ್ಕರಲ್ಲಿ ಈ ಆಲ್ಫಾ ಅಲೆ 8ರಿಂದ 13ರ ಒಳಗಿದ್ದರೆ ಸಾಮಾನ್ಯವೇ. ಆದರೆ ಇವರಿಗೆ ಮೊದಲು 10 ಇತ್ತು. ಬೇರೆಯವರ ಜೊತೆ ಹೋಲಿಸಿದರೆ ಸರಿ, ತಮ್ಮ ಜೊತೆಗೇ ಹೋಲಿಸಿಕೊಂಡರೆ ಇಳಿದಿದೆ. ಹಳೆಯ ಇಇಜಿ ಕಾಗದ ಮನೆಯಲ್ಲಿ ಉಳಿದಿದ್ದರಿಂದ ಇದು ಗೊತ್ತಾಯಿತು. ಮಾತ್ರೆ ಶುರು ಮಾಡುವ ಮುಂಚೆ ಪದಗಳ ಪರೀಕ್ಷೆಯನ್ನೂ ಯಾರಾದರೂ ಮಾಡಿಟ್ಟಿದ್ದರೆ ಇಷ್ಟು ಸುತ್ತು ಬೇಕಿರಲಿಲ್ಲ. ನನ್ನ ತಕರಾರು ಇದೊಂದೇ. ರಕ್ತ, ಲಿವರ್ ಎಲ್ಲ ಮೊದಲೇ ನೋಡುತ್ತೇವೆ, ಔಷಧಿ ಕೆಲಸ ಮಾಡಬೇಕಾದ ಜಾಗವನ್ನೇ ನೋಡುವುದಿಲ್ಲ. ಗಮನ, ಪದ, ಅಂಕಿ ಅಳೆಯುವ ಚಿಕ್ಕ ಪರೀಕ್ಷೆಗೆ ಹದಿನೈದು ಇಪ್ಪತ್ತು ನಿಮಿಷ ಸಾಕು.

ಮಾತ್ರೆ ಒಳಗೆ ಮಾಡುವ ಕೆಲಸ

ಫಿಟ್ಸ್ ಅಂದರೆ ತುಂಬ ನರಕೋಶಗಳು ಒಟ್ಟಿಗೇ, ಒಂದೇ ತಾಳಕ್ಕೆ ಸಿಡಿಯುವುದು. ಔಷಧಿ ಆ ಸಿಡಿತ ತಡೆಯಬೇಕು. ತೊಂದರೆ ಏನೆಂದರೆ, ಗಲಾಟೆ ಮಾಡುವ ಮೂಲೆಯ ಬೆಂಚನ್ನಷ್ಟೇ ಅದು ಗದರುವುದಿಲ್ಲ, ಇಡೀ ತರಗತಿಗೆ 'ಶ್' ಅನ್ನುತ್ತದೆ. ಉತ್ತರ ಹೇಳಲು ಕೈ ಎತ್ತಿದವನೂ ಸುಮ್ಮನಾಗುತ್ತಾನೆ.

ಆದರೆ ಎಲ್ಲ ಔಷಧಿಗಳೂ ಒಂದೇ ಜೋರಿನಲ್ಲಿ ಗದರುವುದಿಲ್ಲ. ಲ್ಯಾಮೊಟ್ರಿಜಿನ್, ಕಾರ್ಬಮಝೆಪಿನ್, ಫೆನಿಟಾಯಿನ್ ಮುಖ್ಯವಾಗಿ ನರಕೋಶ ಸಿಡಿಯಲು ಬೇಕಾದ ಸಣ್ಣ ಬಾಗಿಲುಗಳಾದ ಸೋಡಿಯಂ ಚಾನಲ್‌ಗಳನ್ನು ತಡೆಯುತ್ತವೆ. ಅತಿ ವೇಗವಾಗಿ ಸಿಡಿಯುತ್ತಿರುವ ಕೋಶದ ಚಾನಲ್‌ಗೆ ಜಾಸ್ತಿ ಅಂಟುತ್ತವೆ, ಸಮಾಧಾನವಾಗಿ ಕೆಲಸ ಮಾಡುವ ಕೋಶಕ್ಕೆ ಕಡಿಮೆ. ಹಾಗಿದ್ದೂ ಕಾರ್ಬಮಝೆಪಿನ್, ಫೆನಿಟಾಯಿನ್ ತೆಗೆದುಕೊಳ್ಳುವವರ ಇಇಜಿಯ ಹಿನ್ನೆಲೆ ಅಲೆ ಸ್ವಲ್ಪ ನಿಧಾನವಾಗುತ್ತದೆ. ಲ್ಯಾಮೊಟ್ರಿಜಿನ್‌ನಲ್ಲಿ ಅಷ್ಟು ಕಾಣುವುದಿಲ್ಲ. ಬೆಂಜೊಡಯಝೆಪಿನ್ ಗುಂಪಿನ ಮಾತ್ರೆಗಳು ವೇಗದ ಬೀಟಾ ಅಲೆಗಳನ್ನೇ ಹೆಚ್ಚಿಸುತ್ತವೆ.

ಟೋಪಿರಾಮೇಟ್ ಒಂದೇ ಕಡೆ ಕೈ ಇಡುವುದಿಲ್ಲ. ಸೋಡಿಯಂ ಚಾನಲ್ ತಡೆಯುತ್ತದೆ. ಕೋಶಗಳನ್ನು ಶಾಂತಗೊಳಿಸುವ ಗಾಬಾ ವ್ಯವಸ್ಥೆಗೆ ಬಲ ಕೊಡುತ್ತದೆ. ಜೊತೆಗೆ ಕೋಶಗಳನ್ನು ಎಚ್ಚರಿಸುವ ಗ್ಲುಟಮೇಟ್‌ನ ಎಎಂಪಿಎ ಮತ್ತು ಕೈನೇಟ್ ಗ್ರಾಹಕಗಳನ್ನೂ (ಕೋಶದ ಮೇಲೆ ಆ ಸುದ್ದಿ ಹಿಡಿಯುವ ಪ್ರೋಟೀನುಗಳು) ಅದುಮುತ್ತದೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು, ಕಲಿಯುವುದು ಬಹುಮಟ್ಟಿಗೆ ಗ್ಲುಟಮೇಟ್ ಮೂಲಕ. ಇಷ್ಟೂ ಒಟ್ಟಿಗೆ ನಡೆದಾಗ ಯೋಚನೆಯ ವೇಗ ತಗ್ಗಿದರೆ ಆಶ್ಚರ್ಯವಿಲ್ಲ.

ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಎಫ್‌ಎಂಆರ್‌ಐ ಚಿತ್ರಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಪದ ಹುಡುಕುವಾಗ ಎಡ ಮುಂಭಾಗದ ಕೆಳಮಡಿಕೆ ಚುರುಕಾಗಬೇಕು. ಅದೇ ಹೊತ್ತಿಗೆ, ನಾವು ಸುಮ್ನೆ ಕೂತು ಏನೋ ಯೋಚಿಸುವಾಗ ಓಡುವ ಇನ್ನೊಂದು ಜಾಲ ತಣ್ಣಗಾಗಬೇಕು. ಟೋಪಿರಾಮೇಟ್ ತೆಗೆದುಕೊಳ್ಳುವವರಲ್ಲಿ ಮೊದಲನೆಯದು ಮಂಕಾಗಿರುತ್ತದೆ, ಎರಡನೆಯದು ಪೂರ್ತಿ ತಣ್ಣಗಾಗುವುದಿಲ್ಲ. ಹುಡುಕುವವನು ನಿಧಾನ, ಅಡ್ಡ ಮಾತಾಡುವವನು ಬಾಯಿ ಮುಚ್ಚುತ್ತಿಲ್ಲ. 'ಬೋರ್ಡಿನ ಮುಂದೆ ತಲೆ ಖಾಲಿಯಾಗಿರುವುದಿಲ್ಲ, ಏನೇನೋ ತುಂಬಿರುತ್ತದೆ' ಅಂತ ಮೇಷ್ಟ್ರು ಹೇಳಿದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಇದೆಲ್ಲ ರೋಗದಿಂದಲೇ ಇರಬಹುದಲ್ವಾ ಅಂತ ಕೇಳುವವರಿಗೆ ಒಂದು ಉತ್ತರ ಇದೆ. ಅಮೆರಿಕದ ನ್ಯೂರಾಲಜಿಸ್ಟ್ ಕಿಮ್‌ಫೋರ್ಡ್ ಮೀಡರ್ ಮತ್ತು ಸಂಗಡಿಗರು ಫಿಟ್ಸ್ ಇಲ್ಲದ ಆರೋಗ್ಯವಂತರಿಗೇ ಲ್ಯಾಮೊಟ್ರಿಜಿನ್ ಮತ್ತು ಟೋಪಿರಾಮೇಟ್ ಎರಡನ್ನೂ ಬೇರೆಬೇರೆ ಅವಧಿಯಲ್ಲಿ ಕೊಟ್ಟು ನೋಡಿದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ದಿನಕ್ಕೆ 300 ಮಿಲಿಗ್ರಾಂ ಟೋಪಿರಾಮೇಟ್ ಇದ್ದಾಗ ಅದೇ ಜನ ಹೆಚ್ಚಿನ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಅವರಿಗೆ ರೋಗವೇ ಇರಲಿಲ್ಲ, ದೂರಲು ಮಾತ್ರೆ ಒಂದೇ ಇತ್ತು.

ಹಳೆಯ ಔಷಧಿಗಳ ಕಥೆ ಇದಕ್ಕಿಂತ ಒಳ್ಳೆಯದೇನಲ್ಲ. 1912ರಿಂದ ಬಳಸುತ್ತಿರುವ ಫಿನೊಬಾರ್ಬಿಟಾಲ್ ಜ್ವರದ ಫಿಟ್ಸ್ ಬರುವ ಪುಟ್ಟ ಮಕ್ಕಳ ಐಕ್ಯೂ ಇಳಿಸುತ್ತದೆ ಅಂತ ಗಟ್ಟಿಯಾಗಿ ತೋರಿಸಿದ್ದು 1990ರಲ್ಲಿ. ಮುಕ್ಕಾಲು ಶತಮಾನ ಮಕ್ಕಳಿಗೆ ಕೊಟ್ಟ ಮೇಲೆ.

ಟೋಪಿರಾಮೇಟ್ ಕೆಟ್ಟ ಔಷಧಿ ಅನ್ನುವುದು ನನ್ನ ವಾದವಲ್ಲ. ಎಷ್ಟೋ ಜನಕ್ಕೆ ಇದು ಒಗ್ಗುತ್ತದೆ, ಅದರಲ್ಲೂ ಡೋಸ್ ಕಡಿಮೆ ಇದ್ದು ನಿಧಾನವಾಗಿ ಏರಿಸಿದರೆ. ಕೆಲವರಿಗೆ ಮಾತ್ರ 50, 100 ಮಿಲಿಗ್ರಾಂಗೇ ಪದ ತಪ್ಪುತ್ತದೆ. ಯಾರಿಗೆ ಅನ್ನುವುದು ಅಳೆಯದೆ ಗೊತ್ತಾಗದು.

ಬದಲಾವಣೆ

'ಸುಮ್ನೆ ನಿಲ್ಲಿಸಿಬಿಡಲಾ?' ಅಂತ ಮೇಷ್ಟ್ರು ಕೇಳಿದ್ದರು. ಬೇಡವೇ ಬೇಡ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಒಂದರ ಹಿಂದೆ ಒಂದು, ನಿಲ್ಲದ ಫಿಟ್ಸ್ ಬರಬಹುದು. ಅದು ಜೀವಕ್ಕೇ ಅಪಾಯ. ಪದ ಕಳೆದುಕೊಂಡವರು ಬದುಕಿದ್ದು ದೂರು ಹೇಳುತ್ತಾರೆ. ಮಾತ್ರೆ ಬಿಟ್ಟ ಎಲ್ಲರೂ ಹಾಗೆ ಹೇಳಲು ಉಳಿಯುವುದಿಲ್ಲ.

ಆಯ್ಕೆಗಳು ಎರಡಿದ್ದವು. ಟೋಪಿರಾಮೇಟನ್ನೇ 150ಕ್ಕೆ ಇಳಿಸಿ ನೋಡುವುದು, ಇಲ್ಲ ಲ್ಯಾಮೊಟ್ರಿಜಿನ್‌ಗೆ ಹೋಗುವುದು. 200ರಲ್ಲೇ ಒಮ್ಮೆ ಫಿಟ್ಸ್ ಬಂದಿದ್ದರಿಂದ ಮೊದಲನೆಯದರ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಮಿದುಳಿನ ಒಂದು ಭಾಗದಿಂದ ಹೊರಡುವ ಫಿಟ್ಸ್‌ಗೆ ಲ್ಯಾಮೊಟ್ರಿಜಿನ್ ಒಳ್ಳೆಯ ಮೊದಲ ಆಯ್ಕೆ ಅಂತ ಬ್ರಿಟನ್ನಿನಲ್ಲಿ ನಡೆದ ಸನಾಡ್ ಪ್ರಯೋಗಗಳು 2007ರಲ್ಲಿ ಮತ್ತು 2021ರಲ್ಲಿ ತೋರಿಸಿದ್ದವು. ಯೋಚನೆಯನ್ನು ಮಂಕು ಮಾಡುವುದೂ ಕಡಿಮೆ. ಒಂದೇ ತೊಡಕು, ಬೇಗ ಏರಿಸುವ ಹಾಗಿಲ್ಲ. ಏರಿಸಿದರೆ ಮೈಮೇಲೆ ದದ್ದು ಬರಬಹುದು, ಅಪರೂಪಕ್ಕೆ ಅದು ಚರ್ಮವೇ ಸುಲಿಯುವಷ್ಟು ವಿಪರೀತಕ್ಕೆ ಹೋಗುತ್ತದೆ. ಎರಡು ವಾರ 25, ಮುಂದಿನ ಎರಡು ವಾರ 50, ಆಮೇಲೆ ಮೆಲ್ಲಗೆ ಮೇಲಕ್ಕೆ. ಅದು 100 ದಾಟಿದ ಮೇಲೆ ಟೋಪಿರಾಮೇಟನ್ನು ವಾರಕ್ಕೆ 25ರಂತೆ ಇಳಿಸಲು ಶುರು.

ನಡುವಿನ ಆ ತಿಂಗಳುಗಳು ಸುಖವಾಗಿರಲಿಲ್ಲ. ಎರಡು ಔಷಧಿ ಒಟ್ಟಿಗಿದ್ದಾಗ ತಲೆ ಇನ್ನಷ್ಟು ಭಾರ. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ತಡೆದುಕೊಂಡರು. ಟೋಪಿರಾಮೇಟ್ 100ಕ್ಕೆ ಇಳಿದಾಗ ಹೆಂಡತಿ ಹೇಳಿದರು, 'ನಿನ್ನೆ ನನ್ನ ಜೊತೆ ಜಗಳ ಪೂರ್ತಿ ಆಡಿದರು.' ವೈದ್ಯಕೀಯ ಅಳತೆಗಳಲ್ಲಿ ಇದಕ್ಕೆ ಜಾಗವಿಲ್ಲ, ನಾನಂತೂ ಇದನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಟೋಪಿರಾಮೇಟ್ ಪೂರ್ತಿ ನಿಂತ ಮೇಲೆ ಎರಡು ತಿಂಗಳು ಬಿಟ್ಟು ಮತ್ತೆ ಅಳೆದರು. 'ಪ' ಬೇಡ, ಅಭ್ಯಾಸವಾಗಿರಬಹುದು ಅಂತ 'ಮ' ಕೊಟ್ಟರು. ಹದಿಮೂರು ಪದ. ಅಂಕಿ ಮುಂದಕ್ಕೆ ಏಳು, ಹಿಂದಕ್ಕೆ ಐದು. ಇಇಜಿ ಹಿನ್ನೆಲೆ 9.5. ಮರೆವಿನ ಕಾಯಿಲೆಯ ಭಯ ಅಲ್ಲಿಗೆ ಮುಗಿಯಿತು. ಆ ಕಾಯಿಲೆ ಹೀಗೆ ತಿರುಗಿ ಹೋಗುವುದಿಲ್ಲ.

ಹದಿನೈದು ಪದಗಳ ಪಟ್ಟಿಯಲ್ಲಿ ಅರ್ಧ ಗಂಟೆಯ ನಂತರ ನೆನಪಿದ್ದದ್ದು ಆರು. ಮೊದಲು ಐದು. ಅಂದರೆ ಅಲ್ಲಿ ಏನೂ ಬದಲಾಗಿಲ್ಲ. ಇದು ಮಾತ್ರೆಯದಲ್ಲ, ಹಿಪೊಕ್ಯಾಂಪಸ್‌ನದು. ಮೇಷ್ಟ್ರಿಗೆ ಇದು ಒಪ್ಪಿಕೊಳ್ಳಲು ಕಷ್ಟವಾಯಿತು. ಮಾತ್ರೆ ಹೋದರೆ ಎಲ್ಲ ವಾಪಸ್ ಬರುತ್ತದೆ ಅಂತ ಅವರ ಲೆಕ್ಕ. ಹೊಸ ತರಗತಿಯ ಮಕ್ಕಳ ಹೆಸರು ಕಲಿಯಲು ಈಗಲೂ ತಿಂಗಳು ಬೇಕು. ಕೂರುವ ಜಾಗದ ನಕ್ಷೆ ಮಾಡಿ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ. ಗೊತ್ತಿರುವ ಪದ ಮಾತ್ರ ಕೇಳಿದ ತಕ್ಷಣ ಬರುತ್ತದೆ.

ಕೊಟ್ಟ ಬೆಲೆಯೂ ಇದೆ. ಮೈಗ್ರೇನ್ ತಿರುಗಿ ಬಂತು, ಅದಕ್ಕೆ ಪ್ರೊಪ್ರನೊಲಾಲ್ ಸೇರಿಸಬೇಕಾಯಿತು. ಇಳಿದ ಆರು ಕಿಲೋದಲ್ಲಿ ನಾಲ್ಕು ವಾಪಸ್. ಲ್ಯಾಮೊಟ್ರಿಜಿನ್ 200ರಲ್ಲಿದ್ದಾಗ ಎರಡು ಸಲ ಹೊಟ್ಟೆಯಿಂದ ಏಳುವ ಆ ಅನುಭವ ಬಂದು ಹೋಯಿತು. ಎಚ್ಚರ ತಪ್ಪಲಿಲ್ಲ. ಡೋಸ್ 300ಕ್ಕೆ ಏರಿಸಿದ ಮೇಲೆ ಇಲ್ಲ.

ಆ ಎರಡನ್ನೂ ಮೇಷ್ಟ್ರು ವೈದ್ಯರಿಗೆ ಹೇಳಲು ಹಿಂದೇಟು ಹಾಕಿದ್ದರು. ಹೇಳಿದರೆ ಹಳೆಯ ಮಾತ್ರೆಗೇ ವಾಪಸ್ ಕಳಿಸುತ್ತಾರೇನೋ ಅನ್ನುವ ಭಯ. ಹೆಂಡತಿ ಹೇಳಿಸಿದರು. ಈಗ ಪ್ರತಿ ಭೇಟಿಗೂ ಫೈಲ್‌ನಲ್ಲಿ ಎರಡು ಸಾಲು ಇರುತ್ತದೆ. ಒಂದು ಫಿಟ್ಸ್‌ನದು. ಇನ್ನೊಂದು, ಆ ದಿನ ಕೊಟ್ಟ ಅಕ್ಷರ ಮತ್ತು ಒಂದು ನಿಮಿಷದಲ್ಲಿ ಬಂದ ಪದಗಳ ಸಂಖ್ಯೆ.